ಮಕ್ಕಳಿಗೆ ಮೊದಲು ರಟ್ಟಿನ ಸೌರ ಒಲೆ, ಆಮೇಲೆ ಪ್ಯಾನೆಲ್

ಸೂರ್ಯನ ಶಕ್ತಿ ಅಂದ ಕೂಡಲೇ ಮಕ್ಕಳ ಕೈಗೆ ಸೋಲಾರ್ ಆಟಿಕೆ ಕಾರು ಕೊಟ್ಟುಬಿಡುತ್ತೇವೆ. ಚಕ್ರ ತಿರುಗುತ್ತದೆ, ಚಪ್ಪಾಳೆ ಬೀಳುತ್ತದೆ, ಯಾಕೆ ತಿರುಗಿತು ಅನ್ನುವುದು ಮಾತ್ರ ತಿಳಿಯುವುದಿಲ್ಲ. ಬಿಸಿಲು ಶಾಖವಾಗುವುದು, ಆ ಶಾಖ ಸೋರಿಹೋಗುವುದು, ಸೋರದಂತೆ ತಡೆಯುವುದು ಇವೆಲ್ಲ ಮುಟ್ಟಿ ತಿಳಿಯುವ ಸಂಗತಿಗಳು. ಅದಕ್ಕೇ ಐದನೇ ತರಗತಿಯಿಂದ ಮೇಲಿನವರಿಗೆ ಮೊದಲು ಮಾಡಿಸಬೇಕಾದ್ದು ಸೌರ ಒಲೆ ಅನ್ನುವುದು ನಮ್ಮ ಗಟ್ಟಿ ಅಭಿಪ್ರಾಯ.

ಹಾಸನ, ಅರಸೀಕೆರೆ, ಕಡೂರಿನ ಕಡೆ ಜನವರಿಯಿಂದ ಏಪ್ರಿಲ್‌ವರೆಗಿನ ಬಿಸಿಲನ್ನು ನಂಬಬಹುದು. ಸಕಲೇಶಪುರ, ಮೂಡಿಗೆರೆ, ಕೊಪ್ಪದಲ್ಲಿ ಬೆಳಗಿನ ಮಂಜು ಪೂರ್ತಿ ಕರಗಲಿ. ಮಳೆ ಹಿಡಿದ ಮೇಲೆ ಈ ಕೆಲಸ ಬೇಡವೇ ಬೇಡ. ಇನ್ನೊಂದು ಮಾತು: ಸೂರ್ಯ ನಮ್ಮ ನೆತ್ತಿಯ ಕಡೆ ಬರುವುದು ಗಡಿಯಾರದ 12ಕ್ಕಲ್ಲ. ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಹಾಸನ ಇರುವುದು 76ರ ಆಸುಪಾಸಿನಲ್ಲಿ. ಡಿಗ್ರಿಗೆ 4 ನಿಮಿಷದಂತೆ ಸುಮಾರು 25 ನಿಮಿಷ ತಡ. ಫೆಬ್ರವರಿಯಲ್ಲಂತೂ 12.40 ಆಗುತ್ತದೆ. ಆದ್ದರಿಂದ 11ಕ್ಕೆ ಒಲೆ ಹೂಡಿ, 2.30ರೊಳಗೆ ಇಳಿಸಿ.

ಬೇಕಾದ್ದು ಎರಡು ರಟ್ಟಿನ ಪೆಟ್ಟಿಗೆ. ಒಳಗಿನದು ಸುಮಾರು 40 ಸೆಂ.ಮೀ. ಉದ್ದ, ಅಷ್ಟೇ ಅಗಲ, 20 ಸೆಂ.ಮೀ. ಆಳ, ಹೊರಗಿನದು ಎಲ್ಲ ಬದಿಗೂ ತಳಕ್ಕೂ 5 ಸೆಂ.ಮೀ. ಜಾಗ ಬಿಡುವಷ್ಟು ದೊಡ್ಡದು. ಆ ಜಾಗಕ್ಕೆ ಒಣಗಿದ ಭತ್ತದ ಹೊಟ್ಟು ತುಂಬಿ. ಅದುಮಿ ಅದುಮಿ ತುಂಬಬೇಡಿ. ಶಾಖ ತಡೆಯುವುದು ಹೊಟ್ಟಿನ ನಡುವೆ ಸಿಕ್ಕಿಕೊಂಡ ಗಾಳಿ. ಥರ್ಮಾಕೋಲ್ ಬೇಡ, ಆ ಬಿಸಿಗೆ ಮೆತ್ತಗಾಗಿ ಕುಗ್ಗುತ್ತದೆ. ಒಳಪೆಟ್ಟಿಗೆಯ ಗೋಡೆಗಳ ಒಳಮೈಗೆ ಮೈದಾ ಅಂಟಿನಿಂದ ಅಲ್ಯೂಮಿನಿಯಂ ಫಾಯಿಲ್ ಹಚ್ಚಿ, ಹೊಳಪಿನ ಮುಖ ಪಾತ್ರೆಯ ಕಡೆಗಿರಲಿ. ತಳಕ್ಕೆ ಕಪ್ಪು ಬಳಿದ ತೆಳು ತಗಡು. ಬಣ್ಣ ಹೊಳಪಿಲ್ಲದ್ದಿರಲಿ, ಬಳಿದ ಮೇಲೆ ಎರಡು ದಿನ ಖಾಲಿ ಒಲೆಯನ್ನು ಬಿಸಿಲಿಗಿಟ್ಟು ವಾಸನೆ ಹೋಗಿಸಿ. ಮೇಲೆ ಮುಚ್ಚಲು 4 ಮಿ.ಮೀ. ಗಾಜು, ಅಂಚನ್ನು ಅಂಗಡಿಯಲ್ಲೇ ಉಜ್ಜಿಸಿ, ಟೇಪು ಸುತ್ತಿ. ಗಾಜು ಹಿಡಿಯುವ ಕೆಲಸ ದೊಡ್ಡವರದ್ದು. ಹೊರಪೆಟ್ಟಿಗೆಯ ಮುಚ್ಚಳಕ್ಕೂ ಫಾಯಿಲ್ ಹಚ್ಚಿ, ಕಡ್ಡಿ ಕೊಟ್ಟು ನಿಲ್ಲಿಸಿದರೆ ಅದೇ ಪ್ರತಿಫಲಕ.

ಪಾತ್ರೆಗೆ ಬಣ್ಣ ಹಚ್ಚುವ ಗೋಜೇ ಬೇಡ. ಸೌದೆ ಒಲೆಯಲ್ಲಿ ಮಸಿ ಹಿಡಿದ ತೆಳು ಅಲ್ಯೂಮಿನಿಯಂ ಪಾತ್ರೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಮುಚ್ಚಳವೂ ಕಪ್ಪಾಗಿರಬೇಕು. ಬೆಳಗಿದ ಸ್ಟೀಲ್ ಪಾತ್ರೆ ಬಿಸಿಲನ್ನು ಹಾಗೇ ವಾಪಸ್ ಎರಚುತ್ತದೆ. ಒಂದೇ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ತಲಾ ಒಂದು ಲೋಟ ನೀರು ಹಾಕಿಸಿ, ಅರ್ಧ ಗಂಟೆಯಾದ ಮೇಲೆ ಮಕ್ಕಳೇ ಹೋಲಿಸಲಿ.

ಮೊದಲ ಅಡುಗೆ ಅನ್ನ. ಅರ್ಧ ಲೋಟ ಅಕ್ಕಿ ತೊಳೆದು ಒಂದು ಲೋಟ ನೀರು ಹಾಕಿ, ಒಂದೂವರೆಯಿಂದ ಎರಡು ಗಂಟೆ ಬಿಡಿ. ಇಷ್ಟು ಹೊತ್ತು ಯಾಕೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಬರಲಿ. ನಡುಮಧ್ಯಾಹ್ನದ ತಿಳಿ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್. ನಮ್ಮ ಗಾಜು 0.16 ಚದರ ಮೀಟರ್, ಅಂದರೆ ಅದರ ಮೇಲೆ ನೇರವಾಗಿ ಬೀಳುವುದು ಹೆಚ್ಚೆಂದರೆ 160 ವ್ಯಾಟ್. ಮಿಕ್ಸಿಯ ತಳದಲ್ಲಿ ಬರೆದ ವ್ಯಾಟ್ ಓದಿಸಿ, ಲೆಕ್ಕ ತಾನಾಗಿ ಕೂರುತ್ತದೆ.

ಅನ್ನ ಬೇಯಲಿಲ್ಲ ಅಂದರೆ ಸಾಮಾನ್ಯವಾಗಿ ಗಾಜು ತೆಗೆದು ನೋಡಿದ್ದೇ ತಪ್ಪು. ಪ್ರತಿ ಸಲ ಗಾಜು ಎತ್ತಿದಾಗಲೂ ಕೂಡಿಟ್ಟ ಬಿಸಿಗಾಳಿ ಹಾರಿಹೋಗುತ್ತದೆ. ಗಾಜಿನ ಒಳಗೆ ಹನಿ ಕಟ್ಟಿದ್ದರೆ ಪಾತ್ರೆಯ ಮುಚ್ಚಳ ಸರಿಯಾಗಿ ಕೂತಿಲ್ಲ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ; ಅರ್ಧ ಗಂಟೆಗೊಮ್ಮೆ ಪೆಟ್ಟಿಗೆ ತಿರುಗಿಸಿ, ಪ್ರತಿಫಲಕದ ಬೆಳಕು ಪಾತ್ರೆಯ ಮೇಲೇ ಬೀಳುತ್ತಿದೆಯೇ ನೋಡಿಸಿ. ಹಾಗೆ ನೋಡುವಾಗ ಫಾಯಿಲ್‌ನ ಝಳ ಕಣ್ಣಿಗೆ ಬಡಿಯಬಾರದು, ಪೆಟ್ಟಿಗೆಯ ಹಿಂದೆ ನಿಂತು ತಿರುಗಿಸಲಿ. ಜ್ವರ ನೋಡುವ ಥರ್ಮಾಮೀಟರ್ ಒಳಗಿಟ್ಟರೆ ಒಡೆಯುತ್ತದೆ. ಓವನ್ನಿನದು ಇದ್ದರೆ ಮಾತ್ರ ಇಡಿ. ಮೋಡ ಕವಿದು ಅಡುಗೆ ಅರ್ಧಕ್ಕೆ ನಿಂತರೆ ಕೂಡಲೇ ಗ್ಯಾಸಿನ ಮೇಲಿಟ್ಟು ಬೇಯಿಸಿ. ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತ ಅನ್ನ ಮಕ್ಕಳಿಗೆ ಕೊಡುವಂಥದ್ದಲ್ಲ.

ಕಾಫಿ ಸೀಮೆಯ ಮಕ್ಕಳಿಗೆ ಇನ್ನೂ ದೊಡ್ಡ ಪಾಠ ಕಣದಲ್ಲೇ ಹರಡಿದೆ. ಕುಯ್ಲಿನ ಕಾಲದಲ್ಲಿ ಒಂದು ಕಿಲೋ ಹಣ್ಣನ್ನು ಮೊರದಲ್ಲಿ ಹರಡಿಸಿ, ದಿನವೂ ಒಂದೇ ಹೊತ್ತಿಗೆ ತೂಗಿ ಬರೆಸಿ. ಸಂಜೆ ಇಬ್ಬನಿ ಬೀಳುವ ಮೊದಲು ಒಳಗಿಡದಿದ್ದರೆ ತೂಕ ಮತ್ತೆ ಏರುತ್ತದೆ. ಚೆರಿ ಒಣಗಲು ಎರಡು ವಾರದ ಹತ್ತಿರ ಹಿಡಿಯುತ್ತದೆ, ಕೊನೆಗೆ ತೂಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹೋದದ್ದು ನೀರು, ಅದನ್ನು ಹೊತ್ತೊಯ್ದದ್ದು ಬಿಸಿಲು ಮತ್ತು ಗಾಳಿ.

ಇಷ್ಟಾದ ಮೇಲೆ ಪ್ಯಾನೆಲ್ ಕೊಡಿ. 6 ವೋಲ್ಟಿನ ಪುಟ್ಟದಕ್ಕೆ ಆಟಿಕೆ ಮೋಟಾರ್ ಕಟ್ಟಿ, ಅದರ ಒಂದೇ ಒಂದು ಪಟ್ಟಿಯನ್ನು, ಅಂದರೆ ಒಂದು ಕೋಶವನ್ನು, ಬೆರಳಿನಿಂದ ಪೂರ್ತಿ ಮುಚ್ಚಿಸಿ. ಮೋಟಾರ್ ನಿಂತೇಹೋಗಬಹುದು, ಏಕೆಂದರೆ ಕೋಶಗಳೆಲ್ಲ ಸಾಲಾಗಿ ಒಂದಕ್ಕೊಂದು ಜೋಡಿಸಿದವು. ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳಿಗೂ ನೆರಳಿನ ಕಾಟ ತಪ್ಪಿದ್ದಲ್ಲ. ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸಿನಲ್ಲಿ ದಿನಕ್ಕೊಮ್ಮೆ, ಹೆಚ್ಚೆಂದರೆ ಸುಮಾರು 72 ನಿಮಿಷ, ಅವು ಭೂಮಿಯ ನೆರಳಿಗೆ ಹೋಗುತ್ತವೆ. ಅಷ್ಟು ಹೊತ್ತು ಅವಕ್ಕೆ ಬ್ಯಾಟರಿಯೇ ಗತಿ.

ಮೇ ಕೊನೆಗೆ ಒಲೆಯ ಹೊಟ್ಟನ್ನೆಲ್ಲ ಸುರಿದು, ಗಾಜು ಬೇರೆ, ಪೆಟ್ಟಿಗೆ ಬೇರೆ ಮಾಡಿ ಅಟ್ಟಕ್ಕೆ ಹಾಕಿ. ಮಲೆನಾಡಿನ ಮಳೆಗಾಲದಲ್ಲಿ ಹೊಟ್ಟು ತೇವ ಹೀರಿ ಬೂಸ್ಟು ಹಿಡಿದರೆ ರಟ್ಟೂ ಅದರ ಜೊತೆ ಹಾಳು.