ಸೇತುವೆಯ ಒಂದು ಕಣ್ಣು ಎಲ್ಲಿ ಹೋಯಿತು?

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಹೊಟ್ಟೆಪಾಡು ನಡೆಯುವುದು ಮದುವೆ, ಗೃಹಪ್ರವೇಶ ಮತ್ತು ಪಾಸ್‌ಪೋರ್ಟ್ ಅಳತೆಯ ಫೋಟೊಗಳಿಂದ. ವರ್ಷಕ್ಕೆ ಎರಡೋ ಮೂರೋ ಬಾರಿ ಗೋಡೆ ತುಂಬುವ ಪನೋರಮಾ ಕೆಲಸ ಬರುತ್ತದೆ. ಹತ್ತಾರು ಫೋಟೊಗಳನ್ನು ಅಕ್ಕಪಕ್ಕ ತೆಗೆದು, ಕೌದಿಯಂತೆ ಹೊಲಿದು, ಹೊಲಿಗೆ ಕಾಣದಂತೆ ಒಂದು ಮಾಡುವ ಕೆಲಸ ಅದು. ಹೊಲಿಗೆ ಕಾಣದಿದ್ದರೆ ಕೆಲಸ ಗೆದ್ದಂತೆ ಎಂದು ಬಹಳ ದಿನ ನಂಬಿದ್ದೆ. ಆ ನಂಬಿಕೆಯನ್ನು ಕೆಡಿಸಿದವರು ಹರಿಹರದ ಒಬ್ಬ ಅಜ್ಜ.

ಅವರ ಮಗ ದಾವಣಗೆರೆಯಲ್ಲಿ ಒಂದು ಕಲ್ಯಾಣ ಮಂಟಪ ಕಟ್ಟಿಸಿದ್ದರು. ಊಟದ ಹಾಲ್‌ನ ಗೋಡೆ 30 ಅಡಿ ಅಗಲ. ‘ನಮ್ಮೂರಿನ ಹೊಳೆ ಬೇಕು, ಹಳೆಯ ಸೇತುವೆ ಬೇಕು, ಹರಿಹರೇಶ್ವರನ ಗುಡಿಯೂ ಬೇಕು’ ಎಂದರು. ಗುಡಿಯ ಆಸೆಯನ್ನು ಮೊದಲೇ ಬಿಡಿಸಿದೆ. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಆ ಗುಡಿ ನಾನು ನಿಲ್ಲಬೇಕಾದ ಜಾಗದಿಂದ ಕಾಣುವುದಿಲ್ಲ. ಇಲ್ಲದ್ದನ್ನು ಕಂಪ್ಯೂಟರಿನಲ್ಲಿ ತಂದು ಕೂರಿಸುವ ಕೆಲಸ ನಾನು ಮಾಡುವುದಿಲ್ಲ. ಹೀಗೆ ಜಂಭ ಕೊಚ್ಚಿಕೊಂಡು ಬಂದವನೇ ಮುಂದೆ ಇದ್ದದ್ದನ್ನು ಕಳೆದುಹಾಕಿದೆ.

ಈ ಕೆಲಸದಲ್ಲಿ ನಾನು ಗೋಡೆಯಿಂದ ಕ್ಯಾಮೆರಾದ ಕಡೆಗೆ ಲೆಕ್ಕ ಹಾಕಿಕೊಂಡು ಬರುತ್ತೇನೆ. ಊಟದ ಹಾಲ್‌ನಲ್ಲಿ ಜನ ಗೋಡೆಯ ಪಕ್ಕದಲ್ಲೇ ಓಡಾಡುತ್ತಾರೆ, ಕೈತೊಳೆಯಲು ಸಾಲು ನಿಂತಾಗ ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಾರೆ. ಅದಕ್ಕೆ ಇಂಚಿಗೆ 150 ಪಿಕ್ಸೆಲ್ ಬೇಕು. 30 ಅಡಿ ಎಂದರೆ 360 ಇಂಚು, ಅಂದರೆ 54,000 ಪಿಕ್ಸೆಲ್ ಅಗಲ. ನನ್ನ 24 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಲಂಬವಾಗಿ ನಿಲ್ಲಿಸಿದರೆ ಒಂದು ಫೋಟೊ 4,000 ಪಿಕ್ಸೆಲ್ ಅಗಲ. 135 ಮಿ.ಮೀ. ಲೆನ್ಸ್ ಹಾಕಿದರೆ ಅದರಲ್ಲಿ ಸುಮಾರು 10 ಡಿಗ್ರಿಯಷ್ಟು ದೃಶ್ಯ ಹಿಡಿಯುತ್ತದೆ. ಪಕ್ಕದ ಫೋಟೊದೊಡನೆ ಶೇ 30ರಷ್ಟು ಮೇಲುಹೊದಿಕೆ ಬೇಕಾದ್ದರಿಂದ ಪ್ರತಿ ಬಾರಿ 7 ಡಿಗ್ರಿ ತಿರುಗಿಸಬೇಕು. 140 ಡಿಗ್ರಿಯ ನೋಟಕ್ಕೆ 21 ಫೋಟೊ, ಮೇಲೊಂದು ಸಾಲು, ಕೆಳಗೊಂದು ಸಾಲು, ಒಟ್ಟು 42. ಇದಕ್ಕಿಂತ ಉದ್ದದ ಲೆನ್ಸ್ ಹಾಕಿ ನೂರಾರು ಫೋಟೊ ತೆಗೆಯುವ ಚಪಲ ನನಗೂ ಇತ್ತು. ಗೋಡೆ ಕೇಳದ ಪಿಕ್ಸೆಲ್‌ಗಳು ಹಾರ್ಡ್ ಡಿಸ್ಕಿನಲ್ಲಿ ಮಲಗಿರುತ್ತವೆ, ಅಷ್ಟೇ.

ಬೇಸಿಗೆಯಲ್ಲಿ ತುಂಗಭದ್ರೆ ಬಡವಾಗುತ್ತಾಳೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಡುಹೊಳೆಯ ಮರಳುದಿಬ್ಬದವರೆಗೆ ನಡೆದೇ ಹೋಗಿ ಸೇತುವೆಗೆ ಮುಖ ಮಾಡಿ ಟ್ರೈಪಾಡ್ ಊರಿದೆ. ತಡವಾದರೆ ಮರಳಿನಿಂದ ಏಳುವ ಬಿಸಿಲ ಝಳದಲ್ಲಿ ದೂರದ ಕಲ್ಲುಗಳೆಲ್ಲ ನೀರಿನಲ್ಲಿ ಅದ್ದಿದಂತೆ ಅಲುಗಾಡುತ್ತವೆ. ಎಂಟೂವರೆಯ ಒಳಗೆ ಮುಗಿಯಬೇಕು. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಕ್ಯಾಮೆರಾದ ಕೈಯಿಂದ ಕಿತ್ತುಕೊಂಡು ನಾನೇ ಬಿಗಿಮಾಡಿದೆ. ಇಲ್ಲದಿದ್ದರೆ ಒಂದೊಂದು ತುಂಡಿಗೆ ಒಂದೊಂದು ಬಣ್ಣದ ಆಕಾಶ ಬರುತ್ತದೆ. ಆಕಾಶದ ನೀಲಿಯನ್ನು ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಬ್ಯಾಗಿನಲ್ಲೇ ಉಳಿಯಿತು. ಸೂರ್ಯನಿಂದ ದೂರ ಸರಿದಂತೆ ಅದರ ಪರಿಣಾಮ ಬದಲಾಗುವುದರಿಂದ ಅಗಲವಾದ ಆಕಾಶದ ನಡುವೆ ಕಪ್ಪು ಪಟ್ಟಿ ಮೂಡುತ್ತದೆ.

ಆವತ್ತು ಮಾಡಿದ ಮೊದಲ ತಪ್ಪು ಅಲ್ಲೇ ತಿಳಿಯಿತು. ಮೀನು ಹಿಡಿಯುವವನೊಬ್ಬ ತೆಪ್ಪದಲ್ಲಿ ಎಡದಿಂದ ಬಲಕ್ಕೆ ಹೋಗುತ್ತಿದ್ದ. ನಾನೂ ಎಡದಿಂದ ಬಲಕ್ಕೇ ತಿರುಗಿಸುತ್ತಿದ್ದೆ. ಅವನು ಒಂದರ ಹಿಂದೆ ಒಂದರಂತೆ ಮೂರು ಫೋಟೊಗಳಲ್ಲಿ ಕುಳಿತಿದ್ದ. ಹೊಲಿದಿದ್ದರೆ ಒಂದೇ ಬಲೆ ಹಿಡಿದ ತ್ರಿವಳಿ ಅಣ್ಣತಮ್ಮಂದಿರು ಗೋಡೆಯ ಮೇಲೆ ಇರುತ್ತಿದ್ದರು. ಹಿಂದಿನ ಕಾಲದಲ್ಲಿ, ನಿಧಾನವಾಗಿ ತಿರುಗುತ್ತ ಚಿತ್ರ ಹಿಡಿಯುವ ಕ್ಯಾಮೆರಾಗಳಲ್ಲಿ ಶಾಲೆಯ ಗುಂಪು ಫೋಟೊ ತೆಗೆಯುವಾಗ ಒಂದು ತುದಿಯ ತುಂಟ ಹುಡುಗ ಹಿಂದಿನಿಂದ ಓಡಿ ಇನ್ನೊಂದು ತುದಿಯಲ್ಲೂ ನಿಂತುಬಿಡುತ್ತಿದ್ದನಂತೆ. ಅದೇ ಕಥೆ. ಎರಡನೆಯ ಬಾರಿ ಬಲದಿಂದ ಎಡಕ್ಕೆ, ಅವನಿಗೆ ಎದುರಾಗಿ ತಿರುಗಿಸಿದೆ. ತೆಪ್ಪ ಒಮ್ಮೆ ಮಾತ್ರ ಸಿಕ್ಕಿತು.

ಸ್ಟುಡಿಯೊಗೆ ಬಂದು ಹೊಲಿಗೆಗೆ ಕುಳಿತೆ. ತಂತ್ರಾಂಶವು ಅಕ್ಕಪಕ್ಕದ ಫೋಟೊಗಳಲ್ಲಿ ಒಂದೇ ಆಗಿರುವ ಬಿಂದುಗಳನ್ನು ಹುಡುಕಿ ಜೋಡಿ ಕಟ್ಟುತ್ತದೆ. ನೀರಿನ ಮೇಲಿನ ಜೋಡಿಗಳನ್ನೆಲ್ಲ ನಾನು ಅಳಿಸಿದೆ, ಏಕೆಂದರೆ ಅಲೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಆಕಾಶ ಖಾಲಿ. ಉಳಿದದ್ದು ಸೇತುವೆ ಮಾತ್ರ. ಸರಾಸರಿ ತಪ್ಪು ಒಂದು ಪಿಕ್ಸೆಲ್ಲಿಗೂ ಕಡಿಮೆ ಬಂತು, ‘ಬಹಳ ಚೆನ್ನಾಗಿದೆ’ ಎಂದು ತಂತ್ರಾಂಶವೇ ಬೆನ್ನು ತಟ್ಟಿತು. ದೊಡ್ಡದು ಮಾಡಿ ಅಂಗುಲ ಅಂಗುಲ ನೋಡಿದೆ. ಎಲ್ಲಿಯೂ ಹೊಲಿಗೆ ಇಲ್ಲ. ಮಂಟಪದವರಿಗೆ ಒಂದೇ ಗೊಣಗಾಟ, ಸೇತುವೆ ಬಿಲ್ಲಿನಂತೆ ಬಾಗಿದೆ ಎಂದು. ಸಿಲಿಂಡರ್ ಆಕಾರದಲ್ಲಿ ಬಿಡಿಸಿದ ನೋಟದಲ್ಲಿ ಅಡ್ಡ ಗೆರೆಗಳು ಬಾಗುತ್ತವೆ. ನೇರ ಮಾಡಲು ಹೋದರೆ 140 ಡಿಗ್ರಿಯಲ್ಲಿ ಎರಡೂ ತುದಿಗಳು ರಬ್ಬರಿನಂತೆ ಹಿಗ್ಗುತ್ತವೆ. ಪನೀನಿ ಎಂಬ ನಡುದಾರಿಯ ವಿಧಾನದಿಂದ ಅವರನ್ನು ಸಮಾಧಾನ ಮಾಡಿ, ಬೆಂಗಳೂರಿನಲ್ಲಿ ಕ್ಯಾನ್ವಾಸ್ ಮೇಲೆ ಅಚ್ಚು ಹಾಕಿಸಿ ತಂದೆ.

ಹಾಲ್‌ನ ನೆಲದ ಮೇಲೆ ಸುರುಳಿ ಬಿಚ್ಚಿದೆವು. ಎಲ್ಲರೂ ಹೊಗಳುತ್ತಿದ್ದರು. ಯಜಮಾನರ ತಂದೆ ಮಾತ್ರ ಊರುಗೋಲಿನ ತುದಿಯಿಂದ ಸೇತುವೆಯ ಒಂದೊಂದೇ ಕಣ್ಣನ್ನು, ಅಂದರೆ ಕಮಾನನ್ನು, ಮುಟ್ಟುತ್ತ ಆ ತುದಿಯಿಂದ ಈ ತುದಿಗೆ ಬಂದರು. ಮತ್ತೆ ಹೋದರು. ಮತ್ತೆ ಬಂದರು.

‘ತಮ್ಮಾ, ಒಂದು ಕಣ್ಣು ಎಲ್ಲಿ ಹೋಯಿತು?’

‘ದೂರದಿಂದ ತೆಗೆದದ್ದಲ್ಲವೇ ಅಜ್ಜಾರೆ, ಹಾಗೆ ಕಾಣುತ್ತದೆ’ ಎಂದೆ. ಈಗಲೂ ನೆನೆದರೆ ಕಿವಿ ಬಿಸಿಯಾಗುತ್ತದೆ.

‘ನಾನು ಆ ಕಣ್ಣುಗಳ ಕೆಳಗೆ ಈಜು ಕಲಿತವನು. ಸುಳಿ ಇರುವ ಕಣ್ಣು ಎಷ್ಟನೆಯದು ಎಂದು ಎಣಿಸಿಯೇ ನೀರಿಗೆ ಇಳಿಯುತ್ತಿದ್ದೆವು. ಇದರಲ್ಲಿ ಅದಕ್ಕೆ ಬರುವ ಮೊದಲೇ ಲೆಕ್ಕ ತಪ್ಪುತ್ತದೆ.’

ರಾತ್ರಿ ಮೂಲ ಫೋಟೊಗಳನ್ನು ಸಾಲಾಗಿ ಹರಡಿ ಎಣಿಸಿದೆ. ಅಜ್ಜ ಹೇಳಿದ್ದು ನಿಜ. ಒಂದೊಂದು ಫೋಟೊದಲ್ಲಿ ಎರಡು ಮೂರು ಕಣ್ಣುಗಳಿದ್ದವು, ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದಂತೆ. ತಂತ್ರಾಂಶವು ಒಂದು ಕಡೆ ಈ ಕಂಬವನ್ನು ಪಕ್ಕದ ಕಂಬವೆಂದೇ ತಿಳಿದು, ಒಂದರ ಮೇಲೊಂದು ಕೂರಿಸಿ, ನಡುವಿನ ಕಣ್ಣನ್ನು ನುಂಗಿತ್ತು. ಕಲ್ಲಿನ ಮೇಲೆ ಕಲ್ಲು, ಕಮಾನಿನ ಮೇಲೆ ಕಮಾನು ಸರಿಯಾಗಿ ಕುಳಿತದ್ದರಿಂದಲೇ ತಪ್ಪಿನ ಲೆಕ್ಕ ಅಷ್ಟು ಕಡಿಮೆ ಬಂದಿತ್ತು. ನೀರಿನ ಜೋಡಿಗಳನ್ನು ಅಳಿಸಿದ್ದು ಸರಿ, ಆದರೆ ಉಳಿದದ್ದನ್ನು ಒಂದೊಂದಾಗಿ ನೋಡಲಿಲ್ಲ. ಹತ್ತಿರದಿಂದ ಬಿರುಕು ಹುಡುಕಿದೆನೇ ಹೊರತು ದೂರ ನಿಂತು ಎಣಿಸಲಿಲ್ಲ.

ಟ್ರೈಪಾಡಿನ ತಲೆಯ ಮೇಲೆ ಡಿಗ್ರಿಗಳ ಗುರುತು ಇದೆ. ಪ್ರತಿ ಫೋಟೊದ ಕೋನವನ್ನು ಬರೆದುಕೊಂಡಿದ್ದರೆ ಆ ಒಂದು ಕಡೆ 7 ಡಿಗ್ರಿಯ ಬದಲು ಕಡಿಮೆ ಬಂದಿರುವುದು ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಬರೆದಿರಲಿಲ್ಲ. ಮೂಲ ಫೋಟೊಗಳು ಚೆನ್ನಾಗಿಯೇ ಇದ್ದದ್ದರಿಂದ ಮತ್ತೆ ಹೊಳೆಗೆ ಇಳಿಯುವುದು ತಪ್ಪಿತು. ಈ ಬಾರಿ ಜೋಡಿಗಳನ್ನು ಕೈಯಿಂದಲೇ ಕಟ್ಟಿದೆ. ಬಿರುಕಿನಲ್ಲಿ ಬೆಳೆದ ಅರಳಿ ಸಸಿ, ಸುಣ್ಣದ ಕಲೆ, ಗೂಡು ಕಟ್ಟಿದ ಜೇನು, ಹೀಗೆ ಒಂದು ಕಂಬದಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಗುರುತುಗಳನ್ನು ಮಾತ್ರ ನಂಬಿದೆ. 55 ಕೋಟಿ ಪಿಕ್ಸೆಲ್‌ಗಳ ಚಿತ್ರ 16 ಬಿಟ್‌ನಲ್ಲಿ 3.3 ಜಿಬಿ ತೂಗುತ್ತದೆ, ಪದರಗಳು ಸೇರಿದ ಕೂಡಲೇ ಟಿಫ್ ಕಡತದ 4 ಜಿಬಿ ಮಿತಿ ದಾಟುತ್ತದೆ. ದೊಡ್ಡ ಕಡತಗಳಿಗೆಂದೇ ಇರುವ ಪಿಎಸ್‌ಬಿ ರೂಪದಲ್ಲಿ ಉಳಿಸದೆ ಒಂದು ರಾತ್ರಿಯ ಕೆಲಸ ಕಳೆದುಕೊಂಡದ್ದು ಬೇರೆ ಸಂಕಟ. ಎರಡನೆಯ ಅಚ್ಚಿನ ಖರ್ಚು ನನ್ನ ಜೇಬಿನಿಂದ ಹೋಯಿತು. ಕೇಳಬಹುದಿತ್ತು, ಕೇಳಲು ಮುಖವಿರಲಿಲ್ಲ.

ಅಂದಿನಿಂದ ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಕ್ಯಾಮೆರಾ ತೆಗೆಯುವ ಮೊದಲು ಎಣಿಸಲು ಬರುವುದನ್ನೆಲ್ಲ ಎಣಿಸಿ ಬರೆಯುತ್ತೇನೆ. ಕಂಬ, ಕಿಟಕಿ, ಮೆಟ್ಟಿಲು, ತೆಂಗಿನ ಮರ. ಅದರ ಮರುವರ್ಷ ಚಿತ್ರದುರ್ಗದ ಕೋಟೆಯ ಮೇಲಿನಿಂದ ಊರಿನ ನೋಟ ತೆಗೆಯುವಾಗ ಇದು ಕೈಹಿಡಿಯಿತು. ಕೋಟೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿದೆ, ಟ್ರೈಪಾಡ್ ಒಯ್ಯುವವರು ಮೊದಲೇ ಅನುಮತಿ ಕೇಳಿಕೊಳ್ಳುವುದು ಒಳ್ಳೆಯದು. ಅಲ್ಲಿನ ತೊಂದರೆಯೇ ಬೇರೆ. ಎರಡು ಮಾರು ದೂರದಲ್ಲಿ ಹೆಬ್ಬಂಡೆ, ಅದರ ಹಿಂದೆ ಕೋಟೆಯ ಗೋಡೆ, ಅದರಾಚೆ ಊರು. ಲೆನ್ಸಿನೊಳಗೆ ಬೆಳಕು ಕೂಡುವ ಬಿಂದುವಿನ ಸುತ್ತಲೇ ಕ್ಯಾಮೆರಾ ತಿರುಗದಿದ್ದರೆ ಬಂಡೆ ಮತ್ತು ಗೋಡೆಯ ನಡುವಿನ ಅಂತರ ಫೋಟೊದಿಂದ ಫೋಟೊಗೆ ಬದಲಾಗುತ್ತದೆ, ಯಾವ ಹೊಲಿಗೆಯೂ ಕೂಡುವುದಿಲ್ಲ. ಆ ಬಿಂದುವನ್ನು ನಾನು ಸ್ಟುಡಿಯೊದ ತಾರಸಿಯ ಮೇಲೆ ಹುಡುಕಿದ್ದೆ. ಬಟ್ಟೆ ಒಣಗಿಸುವ ಕಂಬವನ್ನೂ ದೂರದ ಮೊಬೈಲ್ ಟವರನ್ನೂ ಒಂದೇ ಗೆರೆಗೆ ತಂದು, ಕ್ಯಾಮೆರಾವನ್ನು ಎಡಕ್ಕೆ ಬಲಕ್ಕೆ ತಿರುಗಿಸಿದರೂ ಅವು ಅಗಲದ ಹಾಗೆ ಅದನ್ನು ಹಿಂದೆ ಮುಂದೆ ಸರಿಸುತ್ತ ಹೋಗಬೇಕು. ಸಿಕ್ಕ ಜಾಗಕ್ಕೆ ಬಣ್ಣದ ಪೆನ್ನಿನಿಂದ ಗುರುತು ಹಾಕಿದರೆ ಆ ಲೆನ್ಸಿನ ಮಟ್ಟಿಗೆ ಕೆಲಸ ಮುಗಿಯಿತು.

ದುರ್ಗದಲ್ಲಿ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನೂ ಎಣಿಸಿಕೊಂಡೆ. ಅವುಗಳ ರೆಕ್ಕೆ ನಿಲ್ಲುವುದಿಲ್ಲ, ಹೊಲಿಗೆ ಅವುಗಳ ಮೇಲೆ ಬಿದ್ದರೆ ಅರ್ಧ ರೆಕ್ಕೆ ಗಾಳಿಯಲ್ಲಿ ತೇಲುತ್ತದೆ. ಆದ್ದರಿಂದ ಪ್ರತಿಯೊಂದು ಯಂತ್ರವೂ ಯಾವುದಾದರೂ ಒಂದು ಫೋಟೊದ ನಡುವೆ ಇಡಿಯಾಗಿ ಇರುವಂತೆ ಹೆಚ್ಚುವರಿ ಫೋಟೊಗಳನ್ನು ತೆಗೆದೆ.

ಮಂಟಪದ ಗೋಡೆಯ ಮೇಲೆ ಎರಡನೆಯ ಅಚ್ಚು ಈಗಲೂ ಇದೆ. ಅದನ್ನು ಹಾಕಿದ ದಿನ ಅಜ್ಜ ಮತ್ತೆ ಊರುಗೋಲು ಹಿಡಿದು ಬಂದು, ಕಣ್ಣು ಎಣಿಸಿ, ಸುಳಿಯ ಕಣ್ಣಿನ ಹತ್ತಿರ ನಿಂತು, ಅಲ್ಲಿಗೆ ಹೋದದ್ದಕ್ಕೆ ತಮ್ಮ ಅಪ್ಪನಿಂದ ತಿಂದ ಏಟಿನ ಕಥೆ ಹೇಳಿದರು. ಮೊದಲ ಅಚ್ಚನ್ನು ನನ್ನ ಅಂಗಡಿಯ ಪಕ್ಕದ ಮಂಡಕ್ಕಿ ಭಟ್ಟಿಯವರು ಕೇಳಿ ಪಡೆದರು. ಮಳೆ ಬಂದಾಗ ಮೂಟೆಗಳ ಮೇಲೆ ಹೊದಿಸುತ್ತಾರೆ. ಹೊಳೆಯ ಚಿತ್ರ ಚೆನ್ನಾಗಿದೆ ಎಂದು ಬಂದವರೆಲ್ಲ ಹೇಳುತ್ತಾರಂತೆ.