ಎರಡು ಪಾತ್, ಒಂದೇ ದಾರಿ: ಮನೆ ಕ್ಲಸ್ಟರ್‌ನ ಸ್ಟೋರೇಜ್ ಕಥೆ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಸ್ಟೋರೇಜ್ ಕೇಬಲ್ ಕಿತ್ತರೂ ವಿಎಂ (ಸರ್ವರ್ ಒಳಗೆ ಓಡುವ ವರ್ಚುವಲ್ ಯಂತ್ರ) ಬದುಕಿತ್ತು. ಸ್ಟೋರೇಜಿಗೆ ಎರಡು ದಾರಿ ಹಾಕಿದ್ದರೂ ಒಂದು ಕಡಿದರೆ ಎರಡೂ ಸಾಯುತ್ತಿದ್ದವು. ಮೂರು ವಾರಾಂತ್ಯ ನುಂಗಿದ ಆ ಸಮಸ್ಯೆ ಕೊನೆಗೂ ಬಗೆಹರಿಯಿತು, ಹಾಗಾಗಿ ಈ ಸಲದ ಬರಹ ಅದೊಂದಕ್ಕೇ. ವಿಎಂ ಓಡಿಸುವ ಪ್ರಾಕ್ಸ್‌ಮಾಕ್ಸ್ ಹಾಕಿದ್ದು, ಮೂರು ನೋಡ್ (ಕ್ಲಸ್ಟರಿನ ಸರ್ವರ್) ಸೇರಿಸಿದ್ದು, ಅವುಗಳ ನಡುವಿನ ಸಂಪರ್ಕ ಕಾಯುವ ಕೋರೊಸಿಂಕ್‌ಗೆ ಬೇರೆ ನೆಟ್‌ವರ್ಕ್ ಕೊಟ್ಟಿದ್ದು ನೀವೆಲ್ಲ ಮಾಡಿರುವ ಕೆಲಸವೇ.

ಸ್ಟೋರೇಜ್ ಕಡೆ ಇರುವುದು ಒಂದು ಹಳೆಯ ಟವರ್. ಡೆಬಿಯನ್ ಲಿನಕ್ಸ್ ಮೇಲೆ ಎಲ್‌ಐಒ ಮೂಲಕ ಐಸ್ಕಸಿ ಟಾರ್ಗೆಟ್, ಅಂದರೆ ಟವರಿನ ಡಿಸ್ಕನ್ನು ನೆಟ್‌ವರ್ಕ್ ಮೂಲಕ ನೋಡ್‌ಗಳಿಗೆ ಕೊಡುವ ವ್ಯವಸ್ಥೆ. ನೋಡ್‌ಗಳಿಗೂ ಅದಕ್ಕೂ ಎರಡು ಪೋರ್ಟಿನ 10 ಗಿಗಾಬಿಟ್ ಕಾರ್ಡ್, ನಡುವೆ ಎರಡು ಚಿಕ್ಕ ಸ್ವಿಚ್. ಮೇಲೆ ಎಲ್‌ವಿಎಂ (ಡಿಸ್ಕನ್ನು ಬೇಕಾದಂತೆ ಭಾಗ ಮಾಡುವ ಲಿನಕ್ಸ್ ವ್ಯವಸ್ಥೆ). ಬರೆದಷ್ಟೇ ಜಾಗ ಹಿಡಿಯುವ ಎಲ್‌ವಿಎಂ-ಥಿನ್ ಅನ್ನು ನೋಡ್‌ಗಳ ನಡುವೆ ಹಂಚಿಕೊಳ್ಳಲು ಬರುವುದಿಲ್ಲವಾದ್ದರಿಂದ ಮಾಮೂಲಿ ಎಲ್‌ವಿಎಂ.

ಮೊದಲ ಯೋಜನೆಯಲ್ಲಿ ಎಲ್ಲವನ್ನೂ 10.10.10.0/24 ಎಂಬ ಒಂದೇ ಸಬ್‌ನೆಟ್ (ವಿಳಾಸಗಳ ಗುಂಪು) ಒಳಗೇ ಇಟ್ಟಿದ್ದೆ. ಸ್ಟೋರೇಜಿಗೆ .11 ಮತ್ತು .12, ನೋಡಿನ ಎರಡು ಪೋರ್ಟಿಗೆ ಎರಡು ವಿಳಾಸ, ಎರಡು ಸ್ವಿಚ್ ನಡುವೆ ಒಂದು ಕೊಂಡಿ ಕೇಬಲ್. ನೋಡಿನಿಂದ ಡಿಸ್ಕವರಿ (ಟಾರ್ಗೆಟ್ ಹುಡುಕಾಟ) ಮಾಡಿದಾಗ ಸ್ಟೋರೇಜಿನ ಎರಡೂ ಪೋರ್ಟಲ್ (ಸಂಪರ್ಕ ವಿಳಾಸ) ಸಿಕ್ಕವು, ಎರಡಕ್ಕೂ ಲಾಗಿನ್ ಆಯಿತು. ಒಂದೇ ಡಿಸ್ಕಿಗಿರುವ ಹಲವು ದಾರಿಗಳನ್ನು (ಪಾತ್) ನಿಭಾಯಿಸುವುದು ಮಲ್ಟಿಪಾತ್; ‘ಮಲ್ಟಿಪಾತ್ -ಎಲ್‌ಎಲ್’ ಹೊಡೆದರೆ ಎರಡು ಸಾಲು, ಎರಡರ ಮುಂದೆಯೂ ‘ಆ್ಯಕ್ಟಿವ್ ರೆಡಿ ರನ್ನಿಂಗ್’. ಪರೀಕ್ಷೆಗೆ ಒಂದು ನೋಡಿನ ಮೊದಲ ಪೋರ್ಟನ್ನು ‘ಐಪಿ ಲಿಂಕ್ ಸೆಟ್ ಡೌನ್’ ಮಾಡಿದೆ. ವಿಎಂ ಒಳಗೆ ಓಡುತ್ತಿದ್ದ ಎಫ್‌ಐಒ (ಡಿಸ್ಕಿಗೆ ಸತತ ಓದು-ಬರಹದ ಹೊರೆ ಹಾಕುವ) ಪರೀಕ್ಷೆ ಅಲುಗಾಡಲೂ ಇಲ್ಲ. ಮುಗಿಯಿತು ಎಂದುಕೊಂಡು ಊಟಕ್ಕೆ ಹೋದೆ.

ಮರುದಿನ ಮೊದಲ ಸ್ವಿಚ್ಚಿನ ಅಡಾಪ್ಟರ್ ಕಿತ್ತು ನೋಡಿದೆ. ಎರಡೂ ಪಾತ್ ಒಟ್ಟಿಗೇ ‘ಫಾಲ್ಟಿ’. ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ವಿಎಂಗಳು ಹೆಪ್ಪುಗಟ್ಟಿ ನಿಂತವು, ಆಮೇಲೆ ಒಳಗಿನ ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಒಂದೊಂದಾಗಿ ರೀಡ್-ಓನ್ಲಿ ಆಗುತ್ತ ಹೋಯಿತು. ಎರಡನೇ ಸ್ವಿಚ್ ಆರಾಮಾಗಿ ದೀಪ ಮಿಣುಕಿಸುತ್ತಿತ್ತು.

ಕೇಬಲ್ ಮೇಲೆ ಅನುಮಾನ ಬಂತು, ಅದಕ್ಕೆ ಕಾರಣವೂ ಇತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ 3 ಮೀಟರಿನ ಡಿಎಸಿ ಕೇಬಲ್ (ಎರಡೂ ತುದಿಗೆ ಕನೆಕ್ಟರ್ ಜೋಡಿಸಿಯೇ ಬರುವ ತಾಮ್ರದ ಕೇಬಲ್) ಕೇಳಿ ತಂದಿದ್ದೆ. ಕವರ್ ಮೇಲೆ 3 ಮೀಟರ್ ಎಂದಿತ್ತು, ಒಳಗಿದ್ದದ್ದು 1 ಮೀಟರ್. ವಾಪಸ್ ಒಯ್ದರೆ “ಸ್ಟಾಕ್ ಬಂದಾಗ ಬದಲಾಯಿಸಿ ಕೊಡೋಣ ಸಾರ್” ಅಂದರು, ಎರಡು ವಾರ ಸ್ಟಾಕ್ ಬರಲೇ ಇಲ್ಲ. ಹೊಂದಿಸಲು ಟವರನ್ನೇ ರ‍್ಯಾಕಿನ ಪಕ್ಕಕ್ಕೆ ಎಳೆದಿಟ್ಟೆ. ಕೊನೆಗೆ ಸರಿಯಾದ ಕೇಬಲ್ ಬಂದರೂ ಸಮಸ್ಯೆ ಇದ್ದಲ್ಲೇ ಇತ್ತು. ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 9000 ಸರಿಯಿದೆಯಾ ಎಂದು, ಹೆಡರ್ ಕಳೆದು ಉಳಿಯುವ 8972 ಬೈಟಿನ ಪಿಂಗ್ ಹೊಡೆದೆ, ಸರಿಯಿತ್ತು.

ಉತ್ತರ ಸಿಕ್ಕಿದ್ದು ಪ್ಯಾಕೆಟ್ ಲೆಕ್ಕದಲ್ಲಿ. ‘ಐಪಿ -ಎಸ್ ಲಿಂಕ್’ ನೋಡಿದರೆ ಮೊದಲ ಪೋರ್ಟಿನಲ್ಲಿ ನೂರಾರು ಗಿಗಾಬೈಟ್ ಹರಿದಿದೆ, ಎರಡನೆಯದರಲ್ಲಿ ಕೆಲವೇ ಕಿಲೋಬೈಟ್. ‘ಐಪಿ ರೂಟ್ ಗೆಟ್ 10.10.10.12’ ಕೇಳಿದರೆ ಅದಕ್ಕೂ ಮೊದಲ ಪೋರ್ಟೇ ದಾರಿ.

ಒಂದೇ ಸಬ್‌ನೆಟ್ಟಿನಲ್ಲಿ ಎರಡು ಪೋರ್ಟ್ ಇದ್ದರೆ ಲಿನಕ್ಸಿನ ರೂಟಿಂಗ್ ಪಟ್ಟಿಯಲ್ಲಿ ಒಂದೇ ಊರಿಗೆ ಎರಡು ರೂಟ್ ಇರುತ್ತವೆ, ಅದು ಮೊದಲನೆಯದನ್ನು ಹಿಡಿದು ಹೊರಡುತ್ತದೆ. ಐಸ್ಕಸಿ ಸೆಷನ್ ಎರಡಿದ್ದರೂ ಎರಡೂ ಒಂದೇ ತಂತಿಯಲ್ಲಿ ಹೋಗಿ, ಕೊಂಡಿ ಕೇಬಲ್ ದಾಟಿ ಎರಡನೇ ಪೋರ್ಟಲ್ ತಲುಪುತ್ತಿದ್ದವು. ಎಆರ್‌ಪಿ (ಈ ಐಪಿ ವಿಳಾಸ ಯಾರದ್ದು ಎಂದು ನೆಟ್‌ವರ್ಕಿನಲ್ಲಿ ಕೇಳುವ ಪದ್ಧತಿ) ವಿಷಯದಲ್ಲೂ ಲಿನಕ್ಸ್ ಧಾರಾಳಿ. ವಿಳಾಸ ಒಂದು ಪೋರ್ಟಿನದಾದರೂ ಇನ್ನೊಂದು ಪೋರ್ಟಿನಿಂದ “ಅದು ನಾನೇ” ಎಂದು ಉತ್ತರ ಕೊಡುತ್ತದೆ.

ಹಾಗಾದರೆ ಮೊದಲ ದಿನದ ಪರೀಕ್ಷೆ ಪಾಸಾಗಿದ್ದು ಹೇಗೆ? ಇದೇ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ. ಪೋರ್ಟನ್ನು ಆಜ್ಞೆ ಕೊಟ್ಟು ಇಳಿಸಿದಾಗ ಕರ್ನೆಲ್ ಅದರ ರೂಟನ್ನು ತೆಗೆದುಹಾಕುತ್ತದೆ, ಸಂಚಾರ ತಾನಾಗಿ ಎರಡನೇ ಪೋರ್ಟಿಗೆ ಹೊರಳುತ್ತದೆ. ಕೇಬಲ್ ಕಿತ್ತಾಗ ಹಾಗಾಗುವುದಿಲ್ಲ. ರೂಟಿನ ಮೇಲೆ ‘ಲಿಂಕ್‌ಡೌನ್’ ಎಂಬ ಗುರುತು ಬೀಳುತ್ತದೆ, ಆದರೆ ರೂಟ್ ಉಳಿದಿರುತ್ತದೆ. ‘ಇಗ್ನೋರ್_ರೂಟ್ಸ್_ವಿತ್_ಲಿಂಕ್‌ಡೌನ್’ ಮೊದಲಿನಿಂದ 0 ಇರುವುದರಿಂದ ಪ್ಯಾಕೆಟ್‌ಗಳು ಸತ್ತ ತಂತಿಗೇ ಹೋಗಿ ಬೀಳುತ್ತಲೇ ಇರುತ್ತವೆ. ಅಂದರೆ ನನ್ನ ಪರೀಕ್ಷೆಯೇ ಬೇರೆ, ನಿಜವಾದ ಅಪಘಾತವೇ ಬೇರೆ.

ಆ 0 ಅನ್ನು 1 ಮಾಡಿ, ಎಆರ್‌ಪಿ ಸೆಟ್ಟಿಂಗ್ ಬಿಗಿ ಮಾಡಿ ತೇಪೆ ಹಾಕಬಹುದಿತ್ತು. ನನಗೆ ಮನಸ್ಸಾಗಲಿಲ್ಲ. ಆರು ತಿಂಗಳ ನಂತರ ಹೊಸ ನೋಡ್ ಸೇರಿಸುವಾಗ ಆ ತೇಪೆ ನೆನಪಿರುತ್ತದೆ ಎಂಬ ಭರವಸೆ ಇಲ್ಲ. ಮೊದಲ ಸ್ವಿಚ್ಚಿಗೆ 10.10.1.0/24, ಎರಡನೆಯದಕ್ಕೆ 10.10.2.0/24 ಎಂದು ಬೇರ್ಪಡಿಸಿದೆ. ಕೊಂಡಿ ಕೇಬಲ್ ಕಿತ್ತು ಡಬ್ಬಿಗೆ ಹಾಕಿದೆ. ಹಳೆಯ ಐಸ್ಕಸಿ ದಾಖಲೆಗಳನ್ನು ಅಳಿಸಿ ಮತ್ತೆ ಡಿಸ್ಕವರಿ. ಈಗ ತಪ್ಪು ದಾರಿ ಹಿಡಿಯಬೇಕೆಂದರೂ ದಾರಿಯೇ ಇಲ್ಲ.

ನೋಡ್ ಕಡೆಯ ತಂತ್ರಾಂಶ ಓಪನ್-ಐಸ್ಕಸಿಯ ‘ರಿಪ್ಲೇಸ್‌ಮೆಂಟ್_ಟೈಮೌಟ್’ (ಕಡಿದ ಸೆಷನ್ ಮರಳಲಿ ಎಂದು ಕಾಯುವ ಸಮಯ) ಮೊದಲಿನಿಂದ 120 ಸೆಕೆಂಡ್ ಇರುತ್ತದೆ. ಒಂದೇ ದಾರಿ ಇದ್ದವರಿಗೆ ಅಷ್ಟು ಕಾಯುವುದು ಸರಿ. ಮೇಲೆ ಮಲ್ಟಿಪಾತ್ ಇರುವಾಗ ಬೇಗ ಕೈಬಿಡುವುದೇ ಲೇಸು, ಹಾಗಾಗಿ 5ಕ್ಕೆ ಇಳಿಸಿದೆ. ಐಸ್ಕಸಿಡಿ ಕಾನ್ಫಿಗ್ ಕಡತದಲ್ಲಿ ಬದಲಾಯಿಸಿದ್ದು ಹೊಸದಾಗಿ ಡಿಸ್ಕವರಿ ಆದ ಟಾರ್ಗೆಟ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ಹಳೆಯವನ್ನು ಒಂದೊಂದಾಗಿ ಅಪ್‌ಡೇಟ್ ಮಾಡಬೇಕು. ಸಂಪರ್ಕ ಬದುಕಿದೆಯಾ ಎಂದು ಕೇಳುವ ನೂಪ್ ಸಂದೇಶದ ಅಂತರ 5 ಸೆಕೆಂಡ್, ಉತ್ತರಕ್ಕೆ ಕಾಯುವುದು 5, ಅವನ್ನು ಮುಟ್ಟಲಿಲ್ಲ.

ನಿನ್ನೆ ರಾತ್ರಿ ತಮ್ಮನನ್ನು ರ‍್ಯಾಕಿನ ಹಿಂದೆ ನಿಲ್ಲಿಸಿದೆ. “ಎಳೀಲಾ ಅಣ್ಣ?” ಅಂದ. “ಎಳಿ, ಕೇಳ್ಬೇಡ” ಅಂದೆ. ಎಫ್‌ಐಒ 13 ಸೆಕೆಂಡ್ ಉಸಿರು ಬಿಗಿಹಿಡಿದು ನಿಂತು ಮತ್ತೆ ಓಡಿತು. ಕೇಬಲ್ ಮತ್ತೆ ಚುಚ್ಚಿದ, ಪಾತ್ ವಾಪಸ್ ಬಂತು, ಎರಡೂ ಪೋರ್ಟಿನ ಲೆಕ್ಕ ಜೊತೆಜೊತೆಯಾಗಿ ಏರತೊಡಗಿತು. ಆಮೇಲೆ ಒಂದೊಂದೇ ಸ್ವಿಚ್ ಆರಿಸಿದೆವು, ಆಗಲೂ ವಿಎಂ ನಿಲ್ಲಲಿಲ್ಲ. ಈ ಪರೀಕ್ಷೆಗೆ ತಯಾರಾಗುವಾಗ ಕಂಡದ್ದು, ಎರಡೂ ಸ್ವಿಚ್ಚಿನ ಅಡಾಪ್ಟರ್ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿದ್ದವು. ಈಗ ಒಂದು ಯುಪಿಎಸ್ ಮೇಲೆ, ಇನ್ನೊಂದು ಮನೆಯ ಇನ್ವರ್ಟರ್ ಲೈನಿನ ಮೇಲೆ.

ಸೆಫ್ (ನೋಡ್‌ಗಳ ಡಿಸ್ಕ್‌ಗಳಲ್ಲೇ ಡೇಟಾ ಹಂಚಿಡುವ ಸ್ಟೋರೇಜ್ ತಂತ್ರಾಂಶ) ತಲೆಯಲ್ಲಿ ಕೊರೆಯುತ್ತಿದೆ. ದಾರಿ ಎರಡಾದರೂ ಸ್ಟೋರೇಜ್ ಟವರ್ ಒಂದೇ ಅಲ್ಲವೇ? ಮೂರು ನೋಡಿಗೂ ಎಸ್‌ಎಸ್‌ಡಿ ಹಾಕಿ ಮೂರು ಪ್ರತಿ ಇಟ್ಟರೆ ಟವರಿನ ಹಂಗೇ ಇರುವುದಿಲ್ಲ, ಆದರೆ ಅಷ್ಟು ಎಸ್‌ಎಸ್‌ಡಿ ಬೇಕು, ರ‍್ಯಾಮ್ ಬೇಕು. ಅಲ್ಲಿಯವರೆಗೆ ಇದೇ ಟವರಿನಲ್ಲಿ ಐಸ್ಕಸಿ ಬದಲು ಎನ್‌ವಿಎಂಇ ಓವರ್ ಟಿಸಿಪಿ (ನೆಟ್‌ವರ್ಕ್ ಮೂಲಕ ಡಿಸ್ಕ್ ಕೊಡುವ ಇನ್ನೊಂದು ವಿಧಾನ) ಹಾಕಿ, ಕರ್ನೆಲ್ಲಿನ ಸ್ವಂತ ಮಲ್ಟಿಪಾತ್ ಈ 13 ಸೆಕೆಂಡನ್ನು ಎಷ್ಟಕ್ಕೆ ತರುತ್ತದೆ ಎಂದು ಅಳೆಯುವ ಆಸೆ ಇದೆ. ಅದಕ್ಕೂ ಮುಂಚೆ ಈ ಶನಿವಾರ ಟವರ್ ಬಿಚ್ಚಬೇಕು: ಅದರ ಎರಡೂ ಪೋರ್ಟ್ ಇನ್ನೂ ಒಂದೇ ಕಾರ್ಡಿನಲ್ಲಿವೆ, ಎರಡನೇ ಕಾರ್ಡಿಗೆ ಖಾಲಿ ಸ್ಲಾಟ್ ಇದೆಯಾ ನೋಡಬೇಕು.