ಹಿತಕಿದ ಬೇಳೆ ಮತ್ತು ಒಂದು ಗಳಿಗೆ

ಅಮ್ಮನ ವಾಯ್ಸ್ ಮೆಸೇಜ್‌ಗಳನ್ನ ನಾನು ತುಂಬ ದಿನ 1.5 ಸ್ಪೀಡಲ್ಲಿ ಕೇಳ್ತಿದ್ದೆ. ಬರೆಯೋಕೆ ಸಂಕಟ ಆಗುತ್ತೆ, ಆದ್ರೂ ಅಲ್ಲಿಂದಾನೇ ಶುರು ಮಾಡ್ಬೇಕು. ಅಮ್ಮ ಮಾತಾಡೋದು ನಿಧಾನ, ಮಧ್ಯದಲ್ಲಿ ನಿಲ್ಲಿಸ್ತಾರೆ, ಹಸುಗೇನೋ ಹೇಳ್ತಾರೆ, ಬೇಲಿ ಆಚೆ ಹೋಗೋರನ್ನ ಮಾತಾಡಿಸ್ತಾರೆ, ಆಮೇಲೆ "ಏನ್ ಹೇಳ್ತಿದ್ದೆ ನಾನು" ಅಂತ ಮತ್ತೆ ಹಿಡಿತಾರೆ. ನಾನು ಅದನ್ನ ಆಫೀಸ್ ಲಿಫ್ಟಲ್ಲೋ ಸಿಗ್ನಲಲ್ಲೋ ಓಡಿಸಿ ಕೇಳಿ, ವಿಷಯ ಏನು ಅನ್ನೋದನ್ನಷ್ಟೇ ತಗೊಂಡು, ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ ಮುಂದಕ್ಕೆ ಹೋಗ್ಬಿಡ್ತಿದ್ದೆ. ಬರೀ ಅಮ್ಮನ ಮಾತು ಅಂತಲ್ಲ, ಊಟ ಮಾಡೋದು, ಮಗಳ ತಲೆ ಬಾಚೋದು, ಸ್ನಾನ, ಎಲ್ಲಾನೂ ಹಂಗೇ ಆಗೋಗಿತ್ತು, ಸೋಮವಾರ ಅಂದ್ಕೊಂಡು ಕಣ್ಣು ಮುಚ್ಚಿ ತೆರೆಯೋಷ್ಟ್ರಲ್ಲಿ ಶುಕ್ರವಾರ ಬಂದಿರ್ತಿತ್ತು ಮತ್ತೆ ಆ ವಾರ ಏನಾಯ್ತು ಅಂತ ಯಾರಾದ್ರೂ ಕೇಳಿದ್ರೆ ಹೇಳೋಕೆ ನನ್ ಹತ್ರ ಏನೂ ಇರ್ತಿರ್ಲಿಲ್ಲ.

ಹೋದ ಸಂಕ್ರಾಂತಿಗೆ ಹತ್ತು ದಿನ ಇರ್ಬೇಕಾದ್ರೆ ಅಮ್ಮ ಕೊಟ್ಟಿಗೆಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರ್ಕೊಂಡ್ರು. ಕಟ್ಟು ಹಾಕಿಸಿ, ವಾಸಿ ಆಗೋ ತನಕ ನಮ್ಮನೇಲಿರ್ಲಿ ಅಂತ ಅಣ್ಣ ಕುಣಿಗಲ್‌ನಿಂದ ಬೆಂಗಳೂರಿಗೆ ಕರ್ಕೊಂಡು ಬಂದ. ಜೊತೆಗೆ ಒಂದು ಚೀಲ ಅವರೆಕಾಯಿ, ಒಂದು ಆರು ಕೆಜಿ ಇತ್ತೇನೋ. ನಮ್ಮ ಹೊಲದ್ದೇ, ರಾಗಿ ಮಧ್ಯ ಅಕ್ಕಡಿ ಸಾಲಲ್ಲಿ ಹಾಕಿದ್ದು. ಚೀಲ ಬಿಚ್ಚಿದ ತಕ್ಷಣ ಹಾಲ್ ತುಂಬ ಆ ಸೊಗಡು. ಆ ವಾಸನೆ ಗೊತ್ತಿರೋರಿಗೆ ನಾನು ವಿವರಿಸ್ಬೇಕಾಗಿಲ್ಲ, ಗೊತ್ತಿಲ್ದೋರಿಗೆ ವಿವರಿಸೋಕೆ ನನಗೆ ಬರಲ್ಲ. ಕಾಯಿ ಮೈಮೇಲೆ ಎಣ್ಣೆ ಥರ ಒಂದು ಜಿಗುಟು ಇರುತ್ತಲ್ಲ ಅದರದ್ದೇ ವಾಸನೆ ಅದು, ಬೆರಳಿಗೆ ಹತ್ತಿದ್ರೆ ಸೋಪಲ್ಲಿ ತೊಳೆದ್ರೂ ಬೇಗ ಹೋಗಲ್ಲ.

"ಹಿತಕಿದ ಬೇಳೆ ಸಾರು ಮಾಡು" ಅಂದ್ರು ಅಮ್ಮ. ನನಗೆ ಮೊದ್ಲು ಹೊಳೆದಿದ್ದು ಅಂಗಡಿ. ಸೀಸನ್ನಲ್ಲಿ ಗಾಂಧಿ ಬಜಾರಲ್ಲಿ, ಮಲ್ಲೇಶ್ವರದಲ್ಲಿ, ನಮ್ಮ ಕ್ರಾಸಿನ ತರಕಾರಿ ಅಂಗಡಿಲೂ ಹಿತಕಿದ್ದೇ ಸಿಗುತ್ತೆ, ಫೋನಲ್ಲಿ ಒತ್ತಿದ್ರೆ ಹತ್ತು ನಿಮಿಷದಲ್ಲಿ ಪ್ಯಾಕೆಟ್ ಬಾಗಿಲಿಗೇ ಬರುತ್ತೆ. ಅಮ್ಮ ಚೀಲ ನೋಡಿದ್ರು, ನನ್ನ ನೋಡಿದ್ರು. "ಇಷ್ಟು ಕಾಯಿ ಮನೇಲಿಟ್ಕೊಂಡು?" ಅಂದ್ರು ಅಷ್ಟೆ. ಟೈಮಿಲ್ಲಮ್ಮ ಅಂದೆ. "ಒಂದ್ ಗಳಿಗೆ ಕೂತ್ಕೋ, ಆಗುತ್ತೆ."

ಒಂದು ಗಳಿಗೆ ಅಂದ್ರೆ 24 ನಿಮಿಷ. ಹಗಲು ರಾತ್ರಿ ಸೇರಿ 60 ಗಳಿಗೆ. ಅಮ್ಮಂಗೆ ಆ ಲೆಕ್ಕ ಎಲ್ಲ ಬೇಕಿಲ್ಲ, ಅವ್ರ ಪ್ರಕಾರ ಗಳಿಗೆ ಅಂದ್ರೆ ಕೂತು ಏಳೋಷ್ಟು ಹೊತ್ತು. ನಮ್ಮ ಭಾಷೇಲಿ ಹೊತ್ತು ಅಂದ್ರೆ ಸಮಯಾನೂ ಹೌದು, ಸೂರ್ಯನೂ ಹೌದು, ಹೊತ್ತು ಹುಟ್ತು ಅಂತೀವಿ, ಹೊತ್ತು ಮುಳುಗ್ತು ಅಂತೀವಿ. ಅಜ್ಜಿ ಮನೇಲಿ ಗಡಿಯಾರ ಇದ್ರೂ ಅದನ್ನ ನೋಡ್ತಿದ್ದೋರು ಕಮ್ಮಿ. ಬೆಳಿಗ್ಗೆ ರೇಡಿಯೋಲಿ ಸಂಸ್ಕೃತ ವಾರ್ತೆ ಬರೋಷ್ಟ್ರಲ್ಲಿ ಹಂಡೆ ನೀರು ಕಾದಿರ್ಬೇಕು, ಪ್ರದೇಶ ಸಮಾಚಾರ ಮುಗಿಯೋಷ್ಟ್ರಲ್ಲಿ ನಮಗೆಲ್ಲ ಸ್ನಾನ ಆಗಿರ್ಬೇಕು, ದನ ಮನೆಗೆ ಬಂದ್ಮೇಲೆ ದೀಪ. ಕೆಲಸ ಕಮ್ಮಿ ಇತ್ತು ಅಂತ ನಾನು ಹೇಳ್ತಿಲ್ಲ, ಅಜ್ಜಿ ಮಾಡ್ತಿದ್ದ ಕೆಲಸದ ಕಾಲು ಭಾಗಾನೂ ನಾನು ಮಾಡಲ್ಲ. ಆದ್ರೆ ಅಜ್ಜಿ ಬಾಯಲ್ಲಿ "ಟೈಮಿಲ್ಲ" ಅನ್ನೋ ಮಾತು ಬಂದಿದ್ದು ನನಗೆ ನೆನಪಿಲ್ಲ.

ಸರಿ, ಮೊದಲನೇ ಸಂಜೆ ಕಾಯಿ ಬಿಡಿಸೋದು. ನ್ಯೂಸ್ ಪೇಪರ್ ಹಾಸ್ಕೊಂಡು ನಾನು, ನಮ್ಮನೆಯವ್ರು, ಒಂಬತ್ತು ವರ್ಷದ ಮಗಳು. ಅಮ್ಮ ಕಟ್ಟು ಹಾಕಿದ ಕೈನ ದಿಂಬಿನ ಮೇಲಿಟ್ಕೊಂಡು ಎಡಗೈಲಿ ಹುಳುಕು ಆರಿಸ್ತಾ ಕೂತ್ರು. ಮೊದಲ ಅರ್ಧ ಗಂಟೆ ನನಗೆ ನಿಜವಾಗ್ಲೂ ಹಿಂಸೆ. ಫೋನ್ ಮಿಣುಕುತ್ತೆ, ಕೈ ಜಿಗುಟು, ಮುಟ್ಟೋಕಾಗಲ್ಲ, ಒರೆಸ್ಕೊಂಡು ತಗೊಳ್ಳೋದು, ಮತ್ತೆ ಕೂರೋದು. ಮೂರು ಸಲ ಹಂಗೆ ಮಾಡಿದ್ಮೇಲೆ ನಾಲ್ಕನೇ ಸಲ ಏಳೋಕೆ ಬೇಜಾರಾಯ್ತು, ಫೋನ್ ಸೋಫಾ ಮೇಲೇ ಉಳೀತು. ಮಗಳು ಒಂದು ಕಾಯಲ್ಲಿ ಹಸಿರು ಹುಳ ನೋಡಿ ಕಿರುಚಿದ್ಲು, ಅಮ್ಮ ಅದನ್ನ ಬೆರಳ ಮೇಲೆ ಹತ್ತಿಸ್ಕೊಂಡು "ನಿಂಗಿಂತ ಮುಂಚೆ ಇದಕ್ಕೆ ರುಚಿ ಗೊತ್ತಾಗಿದೆ ನೋಡು" ಅಂದು ಬಾಲ್ಕನಿ ಕುಂಡದಲ್ಲಿ ಬಿಟ್ಟು ಬಂದ್ರು. ಆರು ಕೆಜಿ ಕಾಯಿಗೆ ಹೆಚ್ಚುಕಮ್ಮಿ ಅರ್ಧದಷ್ಟು ಕಾಳು ಸಿಕ್ತು. ರಾತ್ರಿ ನೀರಲ್ಲಿ ನೆನೆಹಾಕಿದ್ವಿ.

ಮಾರನೇ ದಿನ ಹಿತಕೋದು. ನೆನೆದ ಕಾಳನ್ನ ಹೆಬ್ಬೆರಳು ತೋರುಬೆರಳ ಮಧ್ಯ ಹಿಡ್ಕೊಂಡು ಮೆಲ್ಲಗೆ ಒತ್ತಿದ್ರೆ ಬೇಳೆ ಚಿಮ್ಕೊಂಡು ಆಚೆ ಬರುತ್ತೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತೆ. ಇದನ್ನ ಎರಡೆರಡು ಮಾಡೋಕಾಗಲ್ಲ. ಜೋರಾಗಿ ಒತ್ತಿದ್ರೆ ಬೇಳೆ ಒಡೆದು ಎರಡಾಗುತ್ತೆ, ಇಲ್ಲಾ ಟಿವಿ ಹಿಂದಕ್ಕೆ ಹಾರುತ್ತೆ. ನಾನು ಅವಸರ ಮಾಡಿದಷ್ಟೂ ಅದು ಕೆಡ್ತಾನೇ ಇತ್ತು, ಅಮ್ಮ ಏನೂ ಅನ್ನದೆ ನನ್ನ ಬೆರಳನ್ನ ಎಡಗೈಲಿ ಹಿಡ್ಕೊಂಡು, ಮೊಳಕೆ ಬರೋ ಕಡೆ ಕೆಳಗಿರ್ಲಿ ಅಂತ ತಿರುಗಿಸಿ ತೋರಿಸಿದ್ರು. ಅಮ್ಮ ನನ್ನ ಬೆರಳು ಹಿಡಿದು ಏನಾದ್ರೂ ಕಲಿಸಿ ಎಷ್ಟು ವರ್ಷ ಆಗಿತ್ತೋ. ಅಕ್ಷರ ತಿದ್ದಿಸಿದ್ದೇ ಕೊನೆ ಇರ್ಬೇಕು.

ಆಮೇಲೆ ಅದು ಯಾವಾಗ ಸರಾಗ ಆಯ್ತೋ ಗೊತ್ತಿಲ್ಲ. ಕೈ ಅದರ ಪಾಡಿಗೆ ಅದು ಮಾಡ್ತಾ ಇತ್ತು, ಬಾಯಿ ಅದರ ಪಾಡಿಗೆ ಅದು. ಅಮ್ಮ ಅವತ್ತು ಹೇಳಿದ್ದು ನಾನು ಇಷ್ಟು ವರ್ಷದಲ್ಲಿ ಕೇಳೇ ಇರದ ಮಾತು, ಮದುವೆ ಆದ ಮೊದಲ ವರ್ಷ ಲಾಟೀನು ಸುತ್ತ ಅತ್ತೆ ಓರಗಿತ್ತಿಯರ ಜೊತೆ ಇದೇ ಥರ ಕೂತಿದ್ದಾಗ ತವರು ನೆನಪಾಗಿ ಅಳು ಬಂದಿದ್ದು, ಕತ್ತಲಲ್ಲಿ ಯಾರಿಗೂ ಕಾಣಲ್ಲ ಅಂದ್ಕೊಂಡಿದ್ರಂತೆ, ಆದ್ರೆ ನಮ್ಮಜ್ಜಿ ಏನೂ ಕೇಳದೆ ಅವ್ರ ಮುಂದಿದ್ದ ಕಾಳಲ್ಲಿ ಅರ್ಧ ತನ್ನ ಕಡೆ ಎಳ್ಕೊಂಡು "ಹೋಗು ಮಲ್ಕೋ" ಅಂದ್ರಂತೆ. ಇದನ್ನ ಅಮ್ಮ ಫೋನಲ್ಲಿ ಹೇಳ್ತಿರ್ಲಿಲ್ಲ. ನಾನು ಕೇಳಿದ್ರೂ ಹೇಳ್ತಿರ್ಲಿಲ್ಲ. ಇಂಥ ಮಾತು ಬರೋಕೆ ಎದುರಿಗಿರೋರಿಗೂ ಎದ್ದು ಹೋಗೋ ಅವಸರ ಇರಬಾರದು.

ಅವರೆ ಬಗ್ಗೆ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದ ನನ್ನ ಫ್ರೆಂಡ್ ಒಬ್ಬಳು ಆಮೇಲೆ ಹೇಳಿದ್ದು ಕೇಳಿ ನನಗೆ ತುಂಬ ಖುಷಿ ಆಯ್ತು. ನಾಟಿ ಅವರೆ ಹಗಲು ಗಿಡ್ಡ ಆಗೋ ತನಕ ಹೂ ಬಿಡಲ್ವಂತೆ. ಮಳೆಗಾಲದಲ್ಲಿ ಸ್ವಲ್ಪ ಮುಂಚೆ ಬಿತ್ತಿ, ಲೇಟಾಗಿ ಬಿತ್ತಿ, ಬಳ್ಳಿ ಸುಮ್ನೆ ಬೆಳ್ಕೊಂಡು ಹೋಗುತ್ತೆ, ರಾತ್ರಿ ಉದ್ದ ಆದ್ಮೇಲೇನೇ ಹೂವು. ಅದಕ್ಕೇ ಡಿಸೆಂಬರ್ ಜನವರಿ ಚಳಿಗೂ ಇದಕ್ಕೂ ಅಷ್ಟು ನಂಟು. ನಮ್ಮ ವಿಶ್ವವಿದ್ಯಾಲಯದವ್ರೇ ಹೆಬ್ಬಾಳ ಅವರೆ ಅಂತ ತಳಿ ಮಾಡಿದಾರೆ, ಅದಕ್ಕೆ ಹಗಲಿನ ಲೆಕ್ಕ ಇಲ್ಲ, ಬೇಸಿಗೆಲೂ ಕಾಯಿ ಬಿಡುತ್ತೆ. ರೈತರಿಗೆ ಅದು ದೊಡ್ಡ ಅನುಕೂಲ, ವರ್ಷ ಪೂರ್ತಿ ಬೆಳೀಬಹುದು, ನಾನು ಅದನ್ನ ಬೇಡ ಅನ್ನೋಳಲ್ಲ. ಅಮ್ಮ ಮಾತ್ರ ಒಪ್ಪಲ್ಲ. "ಇಬ್ಬನಿ ಕುಡೀದಿರೋ ಕಾಯಿಗೆ ಎಂಥ ಸೊಗಡು" ಅಂತಾರೆ. ನನ್ನ ನಾಲಿಗೇನೂ ಅಮ್ಮನ ಕಡೆಗೇ.

ಇನ್ನೊಂದು ಮಾತು ಹೇಳ್ದೆ ಹೋದ್ರೆ ಇದು ಪೂರ್ತಿ ಸತ್ಯ ಆಗಲ್ಲ. ಅದೇ ವಾರ ತರಕಾರಿ ತರೋಕೆ ಹೋದಾಗ ಫುಟ್‌ಪಾತಲ್ಲಿ ಒಬ್ಬ ಅಜ್ಜಿ ಹಿತಕಿದ ಬೇಳೆ ಗುಡ್ಡೆ ಹಾಕ್ಕೊಂಡು ಮಾರ್ತಿದ್ರು, ಮಾರ್ತಾ ಮಾರ್ತಾ ಹಿತಕ್ತಾನೂ ಇದ್ರು. ಎಷ್ಟೋ ವರ್ಷದಿಂದ ಆ ಅಂಗಡಿ ಮುಂದೆ ಓಡಾಡಿದೀನಿ, ಅವತ್ತೇ ಅವ್ರ ಬೆರಳ ತುದಿ ನೋಡಿದ್ದು. ನೀರಲ್ಲಿ ನೆನೆದು ನೆನೆದು ಸುಕ್ಕಾಗಿ, ಉಗುರು ಸಂದೆಲ್ಲ ಕಪ್ಪು. ನನಗೆ ಒಂದು ಸಂಜೆ ಸಿಕ್ಕ ಪುರುಸೊತ್ತು ಅವ್ರಿಗೆ ದಿನಗೂಲಿ. ಚೌಕಾಸಿ ಮಾಡದೆ ಅರ್ಧ ಕೆಜಿ ತಗೊಂಡೆ, ಮನೇಲಿ ಅಷ್ಟಿದ್ರೂ. ನಿಧಾನವಾಗಿ ಬದುಕ್ಬೇಕು ಅಂತ ನಾನು ಯಾರಿಗೂ ಹೇಳೋಕೆ ಹೋಗಲ್ಲ, ಎಷ್ಟೋ ಜನಕ್ಕೆ ಅದು ಕೈಲಿಲ್ಲ. ನನ್ನ ಕೈಲಿತ್ತು, ಆದ್ರೂ ನಾನು ಬಿಟ್ಕೊಟ್ಟಿದ್ದೆ, ಅದಕ್ಕೆ ನನಗೆ ನೋವು.

ಸಾರು ಮೂರನೇ ದಿನ ಆಯ್ತು. ಒಣಕೊಬ್ಬರಿ, ಧನಿಯ, ಗಸಗಸೆ, ಎರಡು ಲವಂಗ, ಚೂರು ಚಕ್ಕೆ, ಎಲ್ಲ ಅಮ್ಮ ಕೂತಲ್ಲಿಂದಾನೇ ಹೇಳಿದ್ದು. ಮುದ್ದೆ ಜೊತೆ ಉಂಡ್ವಿ. ಮಗಳು ತಟ್ಟೇಲಿದ್ದ ಬೇಳೆ ಒಂದೊಂದೇ ಆರಿಸಿ "ಇದು ನಾನು ಹಿತಕಿದ್ದು, ಇದು ಅಪ್ಪ ಒಡೆದು ಹಾಕಿದ್ದು" ಅಂತ ಗುರುತು ಹೇಳ್ಕೊಂಡು ತಿಂದ್ಲು. ಆ ವಾರ ನನಗೆ ಇವತ್ತಿಗೂ ದಿನ ದಿನವಾಗಿ ನೆನಪಿದೆ. ಹಿಂದಿನ ತಿಂಗಳು ಪೂರ್ತಿ ನೆನಪಿಲ್ಲ.

ಆಮೇಲೆ ಅಮ್ಮನ ಕೈ ಕೂಡ್ಕೊಳ್ತು, ಊರಿಗೆ ಹೋದ್ರು. ಆಫೀಸು ಟ್ರಾಫಿಕ್ಕು ಹಂಗೇ ಇದೆ. ರಾತ್ರಿ ಎಂಟರ ಮೇಲೆ ಸೊಪ್ಪೋ ಬೆಳ್ಳುಳ್ಳಿನೋ ಏನಾದ್ರೂ ಒಂದು ಬಿಡಿಸೋಕೆ ನಾನು ಮಗಳು ನೆಲದ ಮೇಲೆ ಕೂರ್ತೀವಿ, ದಿನಾ ಆಗಲ್ಲ, ವಾರದಲ್ಲಿ ಮೂರ್ನಾಲ್ಕು ದಿನ. ಸ್ಕೂಲಲ್ಲಿ ಏನಾಯ್ತು ಅಂತ ನಾನು ಕೇಳಲ್ಲ, ಅರ್ಧ ಕಟ್ಟು ಸೊಪ್ಪು ಮುಗಿಯೋಷ್ಟ್ರಲ್ಲಿ ಅವ್ಳೇ ಶುರು ಮಾಡ್ತಾಳೆ.

ಮೊನ್ನೆ ಅಮ್ಮನ ವಾಯ್ಸ್ ಮೆಸೇಜ್ ಬಂತು, 3 ನಿಮಿಷ 12 ಸೆಕೆಂಡ್. ಊಟದ ಹೊತ್ತಲ್ಲಿ ಆಫೀಸ್ ಕೆಳಗಿರೋ ಹೊಂಗೆ ಮರದ ಕಟ್ಟೆ ಮೇಲೆ ಕೂತು ಪೂರ್ತಿ ಕೇಳಿದೆ, ಅವ್ರ ಸ್ಪೀಡಲ್ಲೇ. ಮಧ್ಯ ಸುಮಾರು ಹೊತ್ತು ಮಾತೇ ಇಲ್ಲ, ಗಾಳಿ, ದೂರದಲ್ಲೆಲ್ಲೋ ಟ್ರ್ಯಾಕ್ಟರ್ರು, ಕರು ಕೂಗೋದು, ಅಮ್ಮ ನಡೀತಿರೋ ಚಪ್ಪಲಿ ಶಬ್ದ. ನಾನು ಕಾಯ್ತಾ ಇದ್ದೆ. ಆಮೇಲೆ ಉಸಿರು ಎಳ್ಕೊಂಡು ಅಂದ್ರು, "ಹ್ಞಾಂ, ಹೊಲಕ್ಕೆ ಬಂದೆ ನೋಡು. ಅವರೆ ಹೂ ಬಿಟ್ಟಿದೆ."